ಬೆಳಗಾವಿಯವರ ಪಾಸ್‌ವರ್ಡ್

ಬೆಳಗಾವಿಯ ರಾಮತೀರ್ಥ ನಗರದ ಮಾರ್ತಾಂಡ ಕುಲಕರ್ಣಿ ಬರುತ್ತಾನೆಂದರೆ ಕೆಲವು ನೆಂಟರು ಮನೆಯ ಕಂಪ್ಯೂಟರಿನ ಮೇಲೆ ಚಾದರ ಹೊದಿಸಿಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಶಹಾಪುರದಲ್ಲಿರುವ ಅವನ ಸೋದರತ್ತೆಯೇ ಹಾಗೆ ಮಾಡಿದ್ದಳು. ಯಾಕೆಂದರೆ ಈ ಮನುಷ್ಯ ಒಳಗೆ ಬಂದು, ಕೈಕಾಲು ತೊಳೆದು, ಚಹಾ ಮುಗಿಸುವ ಹೊತ್ತಿಗೆ ಅವನ ಕಣ್ಣು ಮೂಲೆಯ ಮೇಜಿನ ಕಡೆ ಹೋಗಿಯೇ ಹೋಗುತ್ತಿತ್ತು. "ಇದು ಭಾಳ ಸಾವಕಾಶ ನಡೀತದಲ್ಲ?" ಎಂದು ಶುರು ಮಾಡುತ್ತಿದ್ದ. ಹೌದೆಂದು ಬಾಯಿಬಿಟ್ಟರೋ, ಅಲ್ಲಿಗೆ ಮುಗಿಯಿತು. ಅಂಗಿಯ ಕಿಸೆಯಿಂದ ಪೆನ್‌ಡ್ರೈವ್ ಹೊರಗೆ ಬರುತ್ತಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಆ ಮನೆಯ ಕಂಪ್ಯೂಟರು ಲಿನಕ್ಸ್ ಆಗಿರುತ್ತಿತ್ತು.

ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಅವನದು. ಇದನ್ನೆಲ್ಲ ಯಾರೂ ಕಲಿಸಿದವರಲ್ಲ. ಫೌಂಡ್ರಿಯವರು ಗುಜರಿಗೆ ಹಾಕಲು ಹೊರಟ ಒಂದು ಯಂತ್ರವನ್ನು ಕೇಳಿ ತಂದು, ಅದರಲ್ಲಿ ಲಿನಕ್ಸ್ ಹಾಕಿ ನೋಡಿದ. ಸತ್ತದ್ದು ಎದ್ದು ಕೂತಿತು. ಅವತ್ತಿನಿಂದ ಅವನಿಗೆ ಅದೊಂದು ವ್ರತವೇ ಆಯಿತು. ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದ: ಕಂಪ್ಯೂಟರ್ ಅನ್ನುವುದು ಬರೀ ಪೆಟ್ಟಿಗೆ, ಅದನ್ನು ನಡೆಸುವ ವ್ಯವಸ್ಥೆ ಒಳಗಿರುತ್ತದೆ. ಬಹಳ ಮನೆಗಳಲ್ಲಿ ಆ ವ್ಯವಸ್ಥೆ ಒಂದು ಕಂಪನಿಯದು, ಅವರು ಹೇಳಿದಾಗ ಹೊಸದು ಕೊಳ್ಳಬೇಕು. ಲಿನಕ್ಸ್ ಹಾಗಲ್ಲ. ಲೋಕದ ಜನ ಕೂಡಿ ಕಟ್ಟಿದ್ದು, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಹಳೆಯ ಯಂತ್ರದಲ್ಲೂ ಓಡುತ್ತದೆ. ಸೋದರತ್ತೆಗೆ ಈ ಪುರಾಣ ಬೇಕಿರಲಿಲ್ಲ. ಇಸ್ಪೀಟು ಆಟ ಎಲ್ಲಿದೆಯೆಂದು ತೋರಿಸಿದ ಮೇಲೆ ಅವಳೂ ಒಪ್ಪಿಕೊಂಡಳು.

ಹೀಗೆ ಮಾಡಿಕೊಟ್ಟ ಪ್ರತಿಯೊಂದು ಕಂಪ್ಯೂಟರಿಗೂ ಅವನು ಎರಡು ಪಾಸ್‌ವರ್ಡ್ ಇಡುತ್ತಿದ್ದ. ದಿನಾ ತೆರೆಯಲು ಒಂದು, ಅದು ಮನೆಯವರದು. ಹೊಸ ಸಾಮಾನು ಜೋಡಿಸಬೇಕು, ಒಳಗೆ ಏನಾದರೂ ಹಾಕಬೇಕು ತೆಗೆಯಬೇಕು ಎಂದರೆ ಇನ್ನೊಂದು, ಒಡೆಯನ ಪಾಸ್‌ವರ್ಡ್. ಅದು ಮಾತ್ರ ಮಾರ್ತಾಂಡನ ತಲೆಯಲ್ಲಿ.

"ಎಲ್ಲಾರ ಮನೀ ಕೀಲಿ ನಿಮ್ಮ ಹತ್ರನ ಯಾಕ್ರೀ?" ಎಂದು ಹೆಂಡತಿ ದಾನೇಶ್ವರಿ ಒಮ್ಮೆ ಕೇಳಿದ್ದಳು.

"ಅವರಿಗೆ ಕೊಟ್ಟರ ಏನಾರ ಒತ್ತಿ ಕೆಡಸ್ತಾರ. ಮತ್ತ ನನಗ ಓಡಾಟ."

ಉಳಿದವರ ವಿಷಯದಲ್ಲಿ ಆ ಮಾತು ಖರೆಯೇ ಆಗಿತ್ತು. ಖಾನಾಪುರದ ಮಾವನ ಕಂಪ್ಯೂಟರಿನ ವಿಷಯ ಮಾತ್ರ ಬೇರೆ ಇತ್ತು.

ಆ ಮಾವನ ಬಗ್ಗೆ ಹೇಳಬೇಕು. ಬಸಲಿಂಗಪ್ಪ ಮಾಸ್ತರರೆಂದರೆ ಖಾನಾಪುರದ ಸುತ್ತ ಗೊತ್ತಿಲ್ಲದವರು ಕಡಿಮೆ. ಹಲಸಿಯ ಸಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಲಿಂಗಾಯತರು, ಬಸವಣ್ಣನ ದಾರಿಯಲ್ಲಿ ಒಂದು ಹೆಜ್ಜೆ ಆಚೆ ಈಚೆ ಇಡದವರು. ವಾರಕ್ಕೊಮ್ಮೆ ಓಣಿಯ ಜನರನ್ನು ಪಡಸಾಲೆಯಲ್ಲಿ ಕೂಡಿಸಿ ನಾಲ್ಕು ಮಾತು ಹೇಳುತ್ತಿದ್ದರು. ಎಲ್ಲಿಂದ ಹೊರಟರೂ ಕೊನೆಗೆ ಬರುತ್ತಿದ್ದದ್ದು ಒಂದೇ ಮಾತಿಗೆ: ನಿನ್ನ ಲಿಂಗ ನಿನ್ನ ಅಂಗೈಯಲ್ಲಿದೆ, ನಿನ್ನ ಪೂಜೆ ನೀನೇ ಮಾಡು, ದೇವರಿಗೂ ನಿನಗೂ ನಡುವೆ ಪೂಜಾರಿ ಬೇಕಿಲ್ಲ.

ಇಂಥವರ ಮಗಳು ದಾನೇಶ್ವರಿ, ಮನೆಯಲ್ಲಿ ಮರಾಠಿ ಆಡುವ ಬ್ರಾಹ್ಮಣರ ಹುಡುಗ ಮಾರ್ತಾಂಡನನ್ನು ರಿಜಿಸ್ಟರ್ ಮದುವೆಯಾದಳು. ಮಾಸ್ತರರು ಕೂಗಾಡಲಿಲ್ಲ, ಕದವನ್ನೂ ಹಾಕಲಿಲ್ಲ. ಆದರೆ ಅಳಿಯನ ಜೊತೆ ಒಂದೇ ಒಂದು ಮಾತೂ ಆಡಲಿಲ್ಲ. ಹಬ್ಬಕ್ಕೆ ಬಂದರೆ ಹೆಂಡತಿ ಶಿವಲಿಂಗವ್ವನ ಕಡೆ ತಿರುಗಿ, "ಬೆಳಗಾವಿಯವರಿಗೆ ಕುಂದರಾಕ ಹೇಳು" ಅನ್ನುತ್ತಿದ್ದರು. ಅಳಿಯ ಎದುರಿಗೇ ಕೂತಿರುತ್ತಿದ್ದ. "ಬೆಳಗಾವಿಯವರು ಇನ್ನೊಂದು ಹೋಳಿಗಿ ತಿಂತಾರೇನು ಕೇಳು." ಶಿವಲಿಂಗವ್ವ ಕೇಳುತ್ತಿದ್ದಳು. ಮಾರ್ತಾಂಡ ಅವಳಿಗೇ ಉತ್ತರ ಹೇಳುತ್ತಿದ್ದ. ಮೊದಮೊದಲು ಇದು ಸಿಟ್ಟು. ಆಮೇಲೆ ರೂಢಿ. ಮೊಮ್ಮಗಳು ಸೃಷ್ಟಿ ಹುಟ್ಟಿ, ಬೆಳೆದು, ಕಾಲೇಜು ಮೆಟ್ಟಿಲು ಹತ್ತಿದರೂ ರೂಢಿ ಮುರಿಯಲಿಲ್ಲ. ಸಿಟ್ಟನ್ನಾದರೂ ಕೈಕಾಲು ಹಿಡಿದು ಇಳಿಸಬಹುದು, ರೂಢಿಗೆ ಯಾರ ಕಾಲು ಹಿಡಿಯುವುದು?

ಹೋದ ದೀಪಾವಳಿಯ ಆಚೆಈಚೆ ಮಾಸ್ತರರು ಬರಹ ಮಾಡಲು ಇಟ್ಟುಕೊಂಡಿದ್ದ ಕಂಪ್ಯೂಟರಿನ ಮೇಲೆ ಒಂದು ಎಚ್ಚರಿಕೆ ಬರತೊಡಗಿತು. ನಿಮ್ಮ ಯಂತ್ರ ಹಳೆಯದು, ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ. ಅಂಗಡಿಯವನೂ ಅದನ್ನೇ ಹೇಳಿದ. ಮಾಸ್ತರರಿಗೆ ರೇಗಿತು. "ಚಲೋ ಹೂಡೂ ಎತ್ತು ಮಾರಿ ಬ್ಯಾರೆ ಎತ್ತು ತಗೋ ಅಂತಾನ, ಖೋಡಿ!" ಎಂದು ಮಗಳಿಗೆ ಫೋನಿನಲ್ಲಿ ಬೈದುಕೊಂಡರು. ದಾನೇಶ್ವರಿ ಸಿಕ್ಕ ಸಂದು ಬಿಡಲಿಲ್ಲ. "ಅಪ್ಪಾ, ಇದ್ದದ್ದನ್ನ ನಿಮ್ಮ ಅಳ್ಯಾರು ಸುದ್ದ ಮಾಡಿಕೊಡ್ತಾರ" ಅಂದಳು. ಮಾಸ್ತರರು ಅಂಗಡಿಯವನನ್ನು ಇನ್ನೊಮ್ಮೆ ಬೈದರು. ಕೊನೆಗೆ, "ಬರ್ಲಿ ಹೇಳು" ಎಂದು ಬಂತು.

ಮಾರ್ತಾಂಡ ಪರೀಕ್ಷೆಗೆ ಹೋಗುವವನ ಹಾಗೆ ತಯಾರಾದ. ಮಾವನ ಬೆರಳಿಗೆ ಯಾವ ಕೀಲಿಮಣೆಯ ಜೋಡಣೆ ರೂಢಿಯಿದೆ ಎಂದು ಹೆಂಡತಿಯಿಂದ ತಿಳಿದುಕೊಂಡು, ಕನ್ನಡ ಹಾಗೆಯೇ ಮೂಡುವಂತೆ ಮನೆಯಲ್ಲೇ ಮಾಡಿ ನೋಡಿದ. ಮುಂದಿನ ಐತವಾರ ತನ್ನ ಬೈಕ್ ಹತ್ತಿ ಖಾನಾಪುರಕ್ಕೆ ಹೋದ. ದಸರೆಯ ಖಂಡೇಪೂಜೆಗೆ ಹಚ್ಚಿದ ವಿಭೂತಿ ಕಂಪ್ಯೂಟರಿನ ಹಣೆಯ ಮೇಲೆ ಇನ್ನೂ ಇತ್ತು. ಅದನ್ನು ಅಳಿಸದೆ ಕೆಲಸಕ್ಕೆ ಕೂತ. ಮೊದಲು ಮಾವನ ಬರಹಗಳನ್ನೆಲ್ಲ ಒಂದೂ ಬಿಡದಂತೆ ತೆಗೆದಿಟ್ಟುಕೊಂಡ. ಮಾಸ್ತರರು ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮಾತಾಡದೆ ಕೂರುವುದು ಹೇಗೆಂದು ಮಾರ್ತಾಂಡ ಪರದೆಯ ಕಡೆ ನೋಡುತ್ತಲೇ ಹೇಳತೊಡಗಿದ.

"ಇದಕ್ಕ ಒಡೆಯಾ ಅಂತ ಯಾವ ಕಂಪನೀನೂ ಇಲ್ಲ. ಇನ್ನ ನಿಮಗೂ ಇದಕ್ಕೂ ನಡುವ ಯಾರೂ ಇರಂಗಿಲ್ಲ."

ಹಿಂದಿನಿಂದ ಕುರ್ಚಿ ಕಿರ್ ಎಂದಿತು. "ಭಾಳ ಚಲೋ ಮಾತು ಹೇಳಿದ್ರು ಅಂತ ಹೇಳು ಅವರಿಗೆ."

"ಭಾಳ ಚಲೋ ಮಾತಂತ" ಎಂದು ಶಿವಲಿಂಗವ್ವ ಅಕ್ಕಿ ಆರಿಸುತ್ತಲೇ ತಲುಪಿಸಿದಳು.

ಮಾರ್ತಾಂಡನಿಗೆ ಕಿವಿತನಕ ಬಿಸಿಯಾಯಿತು. ಮದುವೆಯಾದಾಗಿನಿಂದ ಆ ಬಾಯಿಂದ ತನ್ನ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ಸರಿಯಾಗಿ ಅದೇ ಹೊತ್ತಿಗೆ ಯಂತ್ರ ಒಡೆಯನ ಪಾಸ್‌ವರ್ಡ್ ಯಾವುದಿರಲಿ ಎಂದು ಕೇಳಿತು. ಮಾವನನ್ನು ಕೇಳಬಹುದಿತ್ತು. ಕೇಳಲಿಲ್ಲ. ತನ್ನದೇ ಒಂದನ್ನು ಹೊಡೆದ.

ಒಂದು ವಾರದಲ್ಲಿ ಫೋನು ಶುರುವಾಯಿತು. ಮಾಡುವವಳು ಶಿವಲಿಂಗವ್ವ, ಹಿಂದೆ ನಿಂತು ಹೇಳಿಕೊಡುವವರು ಮಾಸ್ತರರು. ಆ ತಾಯಿ ಜನ್ಮದಲ್ಲಿ ಮೌಸ್ ಮುಟ್ಟಿದವಳಲ್ಲ.

"ಅಕ್ಷರ ಎಮ್ಮಿಯಷ್ಟು ದೊಡ್ಡಾವು ಆಗ್ಯಾವಂತ" ಅಂದಳು ಒಂದು ಮಧ್ಯಾಹ್ನ.

"ಅತ್ತಿಯವರ, ಕಂಟ್ರೋಲ್ ಅಂತ ಒಂದು ಬಟನ್ ಐತಿ. ಅದನ್ನ ಹಿಡಕೊಂಡು ಸೊನ್ನಿ ಒತ್ತಾಕ ಹೇಳ್ರಿ."

"ಕಂಟ್ರೋಲ್ ಹಿಡಕೊಂಡು ಸೊನ್ನಿ ಒತ್ತಬೇಕಂತ ನೋಡ್ರಿ."

"ಎಲ್ಲೈತಂತ ಕೇಳು" ಎಂದು ಹಿಂದಿನಿಂದ ದನಿ.

"ಎಲ್ಲೈತಂತ?"

"ಕೆಳಗ, ಎಡಗಡೆ ಮೂಲ್ಯಾಗ."

"ಕೆಳಗ ಮೂಲ್ಯಾಗಂತ. ಅಯ್ಯ, ಟೇಬಲ್ ಬುಡಕ ಯಾಕ ಬಗ್ಗಿ ನೋಡಾಕತ್ತೀರಿ! ಶಿವನ, ಈ ಇಬ್ಬರ ನಡುವ ನನ್ನ ಜೀವಾ ಹೋಗ್ತದ!"

ಗರಗರ ಸದ್ದಾಯಿತು, ಯಾರೋ ಫೋನು ಕಸಿದುಕೊಂಡಂತೆ. ಆಮೇಲೆ ಗಂಡುದನಿ ನೇರವಾಗಿ ಕಿವಿಗೆ ಬಿತ್ತು. "ಅಲ್ರೀ, ಕೊನೀ ಸಾಲಿನ್ಯಾಗ ಐತೇನು ಅದು?"

ಫೌಂಡ್ರಿಯ ಸ್ಟೋರಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮಾರ್ತಾಂಡ ಎದ್ದು ನಿಂತುಬಿಟ್ಟ. "ಹೌದ್ರಿ ಮಾವಾರ. ಕೊನೀ ಸಾಲಿನ್ಯಾಗ" ಅಂದ. ಸಂಜೆ ಮನೆಗೆ ಬಂದು ದಾನೇಶ್ವರಿಗೆ ಹೇಳಿದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಒಂದು ಬಟನ್ ಸಲುವಾಗಿ ಇಷ್ಟು ವರ್ಷ ಬೇಕಾತಲ್ರೀ" ಅಂದಳು.

ಆಮೇಲಿನ ತಿಂಗಳುಗಳು ಮಾರ್ತಾಂಡನ ಪಾಲಿಗೆ ಹಬ್ಬ. ಮಾವ ಫೋನು ಮಾಡುವುದು ಕಂಪ್ಯೂಟರಿನ ಸಲುವಾಗಿ, ಆದರೆ ಮಾತು ಮೊಣಕಾಲು ನೋವು, ಖಾನಾಪುರದ ಚಳಿ, ಮಗ ಓಂಕಾರನ ಬಣ್ಣದ ಅಂಗಡಿ ಎಂದು ಸುತ್ತಾಡಿ ಬರುತ್ತಿತ್ತು. ಒಳಗೆ ಹೊಸದೇನಾದರೂ ಹಾಕಬೇಕಾದಾಗ ಒಡೆಯನ ಪಾಸ್‌ವರ್ಡ್ ಬೇಕೇ ಬೇಕು, ಮಾರ್ತಾಂಡ ಐತವಾರ ಗಾಡಿ ಹತ್ತುತ್ತಿದ್ದ. ಕೆಲಸ ಚಿಟಿಕೆ ಹೊಡೆಯುವಷ್ಟು, ಊಟ ಮಾತು ಇಡೀ ದಿನ. ಪಾಸ್‌ವರ್ಡ್ ಹೇಳಿಬಿಡೋಣ ಎಂದು ಅವನಿಗೆ ಅನ್ನಿಸಿದ್ದುಂಟು. ಮಾಸ್ತರರೇನು ಇಸ್ಪೀಟು ಆಡುವ ಸೋದರತ್ತೆಯಲ್ಲ, ಹೇಳಿಕೊಟ್ಟದ್ದನ್ನು ಎರಡನೇ ಸಲ ಕೇಳುತ್ತಿರಲಿಲ್ಲ. ಅದೇ ಅವನ ಹೆದರಿಕೆ. ಎಲ್ಲ ಕಲಿತು, ಕೀಲಿಯೂ ಅವರ ಕೈಗೆ ಹೋದರೆ ಆ ಮನೆಯಲ್ಲಿ ತನ್ನ ಅಗತ್ಯವೇನು, ಗರಜೇನು? ಮತ್ತೆ 'ಬೆಳಗಾವಿಯವರು ಹೋಳಿಗಿ ತಿಂತಾರೇನು ಕೇಳು' ಎಂಬಲ್ಲಿಗೇ ಬಂದು ನಿಂತರೆ? ಹಾಗೆಂದುಕೊಂಡು ಸುಮ್ಮನಾಗುತ್ತಿದ್ದ.

ಮಳೆಗಾಲ ಹಿಡಿಯಿತು. ಆ ದಿನಗಳಲ್ಲಿ ಹಲಸಿಯ ಕರೆಪ್ಪ ತೀರಿಕೊಂಡ. ಮಾಸ್ತರರ ಜೊತೆ ಅದೇ ಸಾಲೆಯಲ್ಲಿ ಗಣಿತ ಕಲಿಸಿದವನು, ಅವರ ಜೀವದ ಗೆಳೆಯ. ಮಾಸ್ತರರು ಊಟ ಬಿಟ್ಟು ಕೂತರು. ಆಮೇಲೆ ಎದ್ದು ಬರೆಯತೊಡಗಿದರು. ಕರೆಪ್ಪನ ದಿನದ ಕಾರ್ಯಕ್ಕೆ, ಅಂದರೆ ತಿಥಿಗೆ, ಹಲಸಿಯಲ್ಲಿ ಜನ ಸೇರುತ್ತಾರೆ. ಅವನ ಬಗ್ಗೆ ಒಂದು ಪುಟ ಬರೆದು, ಮೇಲೆ ಫೋಟೋ ಹಾಕಿ, ಬಂದವರಿಗೆಲ್ಲ ಕೊಡಬೇಕು, ತಾವೂ ನೋಡಿಕೊಂಡು ಓದಬೇಕು. ಇತ್ತೀಚೆಗೆ ಅವರಿಗೆ ಮಾತಿನ ನಡುವೆಯೇ ನೆನಪು ಹಾರುತ್ತಿತ್ತು. ಅದನ್ನು ಹೊರಗೆ ಯಾರಿಗೂ ಹೇಳಿರಲಿಲ್ಲ. ಓಂಕಾರ ಇದಕ್ಕೆಂದೇ ಒಂದು ಪ್ರಿಂಟರ್ ತಂದುಕೊಟ್ಟ.

ಕಾರ್ಯದ ದಿನ, ಐತವಾರ, ಬೆಳಿಗ್ಗೆ ಎದ್ದು ಕೊನೆಯ ಸಾಲು ತಿದ್ದಿ ಪ್ರಿಂಟರ್ ಜೋಡಿಸಿದರೆ, ಕಂಪ್ಯೂಟರು ಒಡೆಯನ ಪಾಸ್‌ವರ್ಡ್ ಕೇಳಿತು. ಮಾಸ್ತರರು ಮಾರ್ತಾಂಡನಿಗೆ ಫೋನು ಹಚ್ಚಿದರು. ಅವನು ಫೌಂಡ್ರಿಯ ಗೆಳೆಯ ಆಶಿಶ್‌ನ ಹೊಲದಲ್ಲಿ ಭತ್ತದ ನಾಟಿಗೆಂದು ಹಿಂದಿನ ದಿನವೇ ಜಾಂಬೋಟಿಗೆ ಹೋಗಿದ್ದ. ಮಳೆಯಲ್ಲಿ ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ದಾನೇಶ್ವರಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ಕ್ಸೆರಾಕ್ಸ್ ಅಂಗಡಿಗಳ ಶಟರ್ ಇನ್ನೂ ಏರಿರಲಿಲ್ಲ, ಹಲಸಿಗೆ ಹೋಗುವ ಬಾಡಿಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಮಾಸ್ತರರು ಬರಿಗೈಲಿ ಹೋದರು. ಸೇರಿದ ಜನರ ಮುಂದೆ ಎದ್ದು ನಿಂತು, "ನಮ್ಮ ಕರೆಪ್ಪ" ಎಂದು ಶುರು ಮಾಡಿ, ಎರಡು ಮಾತು ಆಡಿದರು. ಮುಂದಿನದು ಬರಲಿಲ್ಲ. ನಿಂತೇ ಇದ್ದರು. ಯಾರೋ ನೀರು ಕೊಟ್ಟರು. ಕುಡಿದು ಕೂತುಬಿಟ್ಟರು.

ಸಂಜೆ ಬೆಳಗಾವಿಗೆ ಬಂದ ಮಾರ್ತಾಂಡನಿಗೆ ದಾನೇಶ್ವರಿ ಇಷ್ಟನ್ನೂ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ರಜೆ ಹಾಕಿ ಖಾನಾಪುರಕ್ಕೆ ಹೋದ. ಮಾಸ್ತರರು ಪಡಸಾಲೆಯಲ್ಲೇ ಇದ್ದರು. ಅವನ ಮುಖ ನೋಡಿ, ಅಡಿಗೆಮನೆಯ ಕಡೆ ತಿರುಗಿ, "ಬೆಳಗಾವಿಯವರು ಬಂದಾರ. ಕುಂದರಾಕ ಹೇಳು" ಅಂದರು.

ಮಾರ್ತಾಂಡ ಕುಂದರದೆ ನೇರ ಕಂಪ್ಯೂಟರಿನ ಮುಂದೆ ಹೋಗಿ, ಪಾಸ್‌ವರ್ಡ್ ಹೊಡೆದು, ಪ್ರಿಂಟರ್ ಜೋಡಿಸಿದ. ಎಷ್ಟು ಹೊತ್ತಿನ ಕೆಲಸ ಅದು! ಹಾಳೆ ಹೊರಗೆ ಬಂತು. ಮೇಲೆ ಕರೆಪ್ಪನ ನಗುಮುಖ, ಕೆಳಗೆ ಮಾವನ ಬರಹ. ನಿಂತಲ್ಲೇ ಓದಿದ.

'ನಾನು ಹಲಸಿಗೆ ಹೊಸದಾಗಿ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಅರ್ಧ ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ತನ್ನ ತರಗತಿ ಮುಗಿಸಿ ಕರೆಪ್ಪ ನನ್ನ ತರಗತಿಗೆ ಬಂದು, ನಡುವೆ ನಿಂತು, ನನ್ನ ಮಾತು ಅವರಿಗೂ ಅವರ ಮಾತು ನನಗೂ ತಿಳಿಸುತ್ತಿದ್ದ. ಒಂದು ದಿನ ಬರಲಿಲ್ಲ. ಯಾಕೋ ಎಂದು ಕೇಳಿದೆ. ಇನ್ನು ನೀನೇ ಮಾತಾಡು, ನಾನು ನಡುವೆ ನಿಂತರೆ ಅವರು ನಿನ್ನ ಮಕ್ಕಳಾಗುವುದು ಯಾವಾಗ ಅಂದ.'

ಹಾದಿಯುದ್ದಕ್ಕೂ ಮಾರ್ತಾಂಡ ಒಂದು ಸುಳ್ಳು ಜೋಡಿಸಿಕೊಂಡು ಬಂದಿದ್ದ. ಪಾಸ್‌ವರ್ಡ್ ಹೇಳಲು ಮರೆತೆ ಎಂದರೆ ಮುಗಿಯುತ್ತಿತ್ತು, ಯಾರೂ ಕೆದಕುತ್ತಿರಲಿಲ್ಲ. ಹಾಳೆ ಓದಿದ ಮೇಲೆ ಆ ಸುಳ್ಳು ಗಂಟಲಿಂದ ಮೇಲೆ ಬರಲಿಲ್ಲ.

"ಮಾವಾರ, ನಾ ಮರ್ತಿರಲಿಲ್ಲ. ಬೇಕಂತನ ಕೊಟ್ಟಿರಲಿಲ್ಲ."

ಮಾಸ್ತರರು ಚಹಾ ಹಿಡಿದು ಹೊರಗೆ ಬಂದ ಹೆಂಡತಿಯ ಕಡೆ ನೋಡಿದರು. "ಯಾಕ ಅಂತ ಕೇಳು."

"ಕೊಟ್ಟಿದ್ರ ನೀವು ನನಗ ಫೋನ್ ಮಾಡೂದು ಬಿಡ್ತಿದ್ರಿ" ಎಂದು ಮಾರ್ತಾಂಡ ನೇರ ಅವರಿಗೇ ಹೇಳಿದ. "ನಿಮಗ ನನ್ನ ಗರಜು ಇರಲಿ ಅಂತ ಇಟ್ಕೊಂಡಿದ್ದೆ. ತಪ್ಪಾತು."

ಮಾಸ್ತರರ ಮುಖ ಕೆಂಪಾಯಿತು. "ನಡುವ ಯಾರೂ ಇರಂಗಿಲ್ಲ ಅಂದಿದ್ರಲ್ಲ, ಕೇಳು ಅವರನ್ನ! ಕೀಲಿ ಟೊಂಕಕ್ಕ ಸಿಗಿಸ್ಕೊಂಡು ತಾವ ಪೂಜಾರಿ ಆದ್ರೇನು ಕೇಳು!"

"ನಾ ಕೇಳಂಗಿಲ್ಲ" ಅಂದಳು ಶಿವಲಿಂಗವ್ವ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಕೈಯಲ್ಲಿದ್ದ ಚಹಾದ ಬಟ್ಟಲುಗಳನ್ನು ಮೇಜಿನ ಮೇಲೆ ಕುಕ್ಕಿದಳು.

"ಕೇಳಂಗೂ ಇಲ್ಲ, ಹೇಳಂಗೂ ಇಲ್ಲ. ಸಾಕಾತು ನನಗ. ಪೂಜಾರಿ ಬ್ಯಾಡ, ಪೂಜಾರಿ ಬ್ಯಾಡ ಅಂತ ಓಣಿಗೆಲ್ಲಾ ಹೇಳ್ತೀರಿ. ಮಗಳ ಮದುವಿ ಆದಾಗಿಂದ ನಿಮ್ಮಿಬ್ಬರ ನಡುವ ನನ್ನ ನಿಂದ್ರಿಸೀರಲ್ಲ, ನಾ ಏನು ಹಂಗಾರ? ಅವರು ಕೀಲಿ ಬಚ್ಚಿಟ್ಟದ್ದು ತಪ್ಪು, ಖರೇ. ಕೀಲಿ ಬಚ್ಚಿಟ್ಟರನ ನೀವು ಮಾತಾಡ್ತೀರಿ ಅನ್ನೂ ಹಂಗ ಮಾಡಿದವರು ಯಾರು? ಕುಂತು ಇಬ್ಬರೂ ಮಾತಾಡ್ರಿ. ಇಲ್ಲಾ ಸುಮ್ಮ ಕುಂದರ್ರಿ. ನಾ ಬಾಳವ್ವನ ಮನಿಗೆ ಹೋಗ್ತೀನಿ."

ಖರೇನೇ ಚಪ್ಪಲಿ ಮೆಟ್ಟಿಕೊಂಡು ಬಾಜು ಮನೆಗೆ ಹೊರಟುಹೋದಳು.

ಪಡಸಾಲೆಯಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ಹೊರಗೆ ಹಂಚಿನ ಮೇಲೆ ಮಳೆ. ಚಹಾ ಆರುತ್ತಿತ್ತು. ಮಾಸ್ತರರು ಒಂದು ಬಟ್ಟಲನ್ನು ಅಳಿಯನ ಕಡೆ ಸರಿಸಿದರು.

"ಕುಡೀರಿ" ಅಂದರು.

ಮಾರ್ತಾಂಡ ಕುಡಿದ. ಆಮೇಲೆ ಕುರ್ಚಿ ಬಿಟ್ಟುಕೊಟ್ಟು, ಒಡೆಯನ ಪಾಸ್‌ವರ್ಡ್ ಬದಲಿಸುವ ಜಾಗ ತೆರೆದುಕೊಟ್ಟು, "ನಿಮ್ಮದ ಒಂದು ಹಾಕ್ರಿ ಮಾವಾರ. ನನಗ ಹೇಳಬ್ಯಾಡ್ರಿ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಹಿಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು. ಅದೇ ಪದವನ್ನು ಇನ್ನೊಮ್ಮೆ ಒತ್ತುವ ಸದ್ದು. ಇಲ್ಲಿಗೆ ತನ್ನ ಕೆಲಸ ಮುಗಿಯಿತು, ಇನ್ನು ಬರಲು ನೆಪವಿಲ್ಲ ಎಂದುಕೊಂಡ.

ಮಾಸ್ತರರು ಒಂದಾದ ಮೇಲೊಂದು ಹಾಳೆ ಪ್ರಿಂಟ್ ಮಾಡಿದರು. ಅಳಿಯನನ್ನು ಏನೂ ಕೇಳಲಿಲ್ಲ. ಒಂದು ಹಾಳೆ ಸಿಕ್ಕಿಕೊಂಡಿತು. ಮಾರ್ತಾಂಡ ಕೈ ಚಾಚಿದ, ಅವರು ಬೇಡವೆಂದು ಸನ್ನೆ ಮಾಡಿ ತಾವೇ ಎಳೆದು ತೆಗೆದರು. ಎಲ್ಲ ಮುಗಿದ ಮೇಲೆ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, "ಗಾಡಿ ತಗೀರಿ. ಹಲಸಿಗೆ ಹೋಗೂಣು" ಅಂದರು.

ರೇನ್‌ಕೋಟು ಹಾಕಿಕೊಂಡು ಇಬ್ಬರೂ ಹೊರಟರು. ಹಾದಿಯಲ್ಲಿ ತಗ್ಗು ಬಂದಾಗ ಮಾವನ ಕೈ ಭುಜ ಹಿಡಿಯುತ್ತಿತ್ತು. ಹಲಸಿಯಲ್ಲಿ ಗುಡಿಯ ಬಾಜು ಓಣಿಯಲ್ಲಿ ಕರೆಪ್ಪನ ಮನೆ. ಅವನ ಹೆಂಡತಿ ನಿಂಗವ್ವ ಚಾಪೆ ಹಾಸಿದಳು. ಮಾಸ್ತರರು ಹಾಳೆ ಕೈಯಲ್ಲಿ ಹಿಡಿದು, ಅವತ್ತು ಹೇಳಲಾಗದ್ದನ್ನು ಮೊದಲಿನಿಂದ ಕೊನೆಯ ತನಕ ಓದಿದರು. ನಡುವೆ ಎಲ್ಲಿಯೂ ಸಾಲು ತಪ್ಪಲಿಲ್ಲ. ನಿಂಗವ್ವ ಗಂಡನ ಫೋಟೋದ ಮೇಲೆ ಬೆರಳಾಡಿಸುತ್ತ ಅತ್ತಳು. ಅತ್ತು ಹಗುರಾದ ಮೇಲೆ, ಬಾಗಿಲ ಬಳಿ ಒದ್ದೆ ಕೋಟು ಹಿಡಿದು ನಿಂತಿದ್ದವನನ್ನು ಆಗಷ್ಟೇ ಕಂಡಳು.

"ಇವರ್ಯಾರ್ರಿ ಸರ? ಅವತ್ತ ಸಿಗಲಿಲ್ಲ ಅಂದಿದ್ರಲ್ಲ, ನಿಮ್ಮ ಕಂಪ್ಯೂಟರ್ ಮಾಡವ್ರು, ಅವರೇನ್ರಿ?"

"ಅಲ್ಲವ್ವಾ" ಅಂದರು ಬಸಲಿಂಗಪ್ಪ ಮಾಸ್ತರರು. "ಕಂಪ್ಯೂಟರ್ ಈಗ ನಾನ ಮಾಡ್ತೀನಿ. ಇವರು ನಮ್ಮ ಅಳ್ಯಾರು."